ಬಾಲೇವಾಡಿಯ ಬೆಂಚು: ಪುಣೆಯಲ್ಲಿ ಅಲುಗಿದ್ದು ಕೋಚ್‌ಗಳ ಕುರ್ಚಿ ಮಾತ್ರವೇ?

ಫುಟ್‌ಬಾಲ್ ತಂಡವೊಂದು ಸೋತಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಆಟದ ಲೋಕ ಬಹಳ ಹಿಂದೆಯೇ ಸುಲಭದ ಉತ್ತರವೊಂದನ್ನು ಕಂಡುಕೊಂಡಿದೆ. ಹನ್ನೊಂದು ಆಟಗಾರರನ್ನು ಒಟ್ಟಿಗೆ ಮನೆಗೆ ಕಳುಹಿಸಲಾಗದು, ದುಡ್ಡು ಹಾಕಿದ ಮಾಲೀಕ ತನ್ನನ್ನು ತಾನೇ ತೆಗೆದುಹಾಕಿಕೊಳ್ಳಲಾರ, ಪ್ರೇಕ್ಷಕರನ್ನು ಬದಲಾಯಿಸುವುದಂತೂ ಆಗದ ಮಾತು. ಹೀಗಾಗಿ ತಲೆದಂಡಕ್ಕೆ ಉಳಿಯುವುದು ಕೋಚ್‌ನ ತಲೆಯೊಂದೇ. ಹೊಸ ಋತು ಆರಂಭವಾಗುವ ಹೊತ್ತಿಗೆ ಕೋಚ್‌ನ ಮೇಲೆ ಬೀಳುವ ಒತ್ತಡವನ್ನು ಕುರಿತು ಇಂಗ್ಲೆಂಡಿನಲ್ಲಿ, ಸ್ಪೇನಿನಲ್ಲಿ, ಬ್ರೆಜಿಲ್‌ನಲ್ಲಿ ಬೇಕಾದಷ್ಟು ಬರೆಯಲಾಗಿದೆ. ಭಾರತದಲ್ಲಿ ಈ ವಿದ್ಯಮಾನವನ್ನು ಅದರ ಎಲ್ಲ ವಿಪರೀತಗಳೊಂದಿಗೆ ನೋಡಬಯಸುವವರಿಗೆ ಪುಣೆಯಷ್ಟು ತಕ್ಕ ನಗರ ಇನ್ನೊಂದಿಲ್ಲ. 2014ರಿಂದ 2019ರವರೆಗಿನ ಐದು ಋತುಗಳಲ್ಲಿ ಎಫ್‌ಸಿ ಪುಣೆ ಸಿಟಿ ಎಂಬ ಒಂದೇ ತಂಡದ ಹೊಣೆಗೆ, ಹಂಗಾಮಿಯಾಗಿ ನಿಂತವರನ್ನೂ ನೇಮಕವಾಗಿ ಕೆಲಸಕ್ಕೇ ಇಳಿಯದವರನ್ನೂ ಸೇರಿಸಿದರೆ, ಎಂಟು ಮಂದಿಯ ಹೆಸರು ಬಂದು ಹೋದವು. ಅವರಲ್ಲಿ ಒಬ್ಬರೂ ತಮ್ಮ ಎರಡನೆಯ ಋತುವಿನ ಮೊದಲ ಪಂದ್ಯಕ್ಕೆ ಪುಣೆಯ ಬೆಂಚಿನ ಮೇಲೆ ಕೂರಲಿಲ್ಲ.

ಈ ಕಥೆ ನಡೆದದ್ದು ಬಾಲೇವಾಡಿಯಲ್ಲಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ, 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟಕ್ಕಾಗಿ ನವೀಕರಿಸಿದ ಶ್ರೀ ಶಿವ ಛತ್ರಪತಿ ಕ್ರೀಡಾ ಸಂಕೀರ್ಣ ಅಲ್ಲಿದೆ. ಅದರ ಬಳಿಯೇ ಹಾಯುವ ಮುಂಬೈ–ಬೆಂಗಳೂರು ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದರೆ ಸಾತಾರಾ, ಕೊಲ್ಹಾಪುರಗಳ ದಾರಿಯಲ್ಲಿ ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ ಬರುತ್ತವೆ. ಬೆಂಗಳೂರಿನ ಕಂಠೀರವದಂತೆ ಇದೂ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಗ್ಯಾಲರಿಗೂ ಹುಲ್ಲುಹಾಸಿಗೂ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಪ್ರೇಕ್ಷಕರ ಕೂಗು ಆಟಗಾರರನ್ನು ಮುಟ್ಟುವಷ್ಟರಲ್ಲಿ ಅರ್ಧ ಕಾವು ಕಳೆದುಕೊಂಡಿರುತ್ತದೆ. ಕೋಚ್ ನಿಲ್ಲುವ ಜಾಗವಾದರೋ ಇನ್ನೂ ಇಕ್ಕಟ್ಟಿನದು. ಫುಟ್‌ಬಾಲ್‌ನ ನಿಯಮಗಳ ಪ್ರಕಾರ ಬದಲಿ ಆಟಗಾರರ ಆಸನಗಳ ಎರಡೂ ಬದಿಗೆ ಒಂದೊಂದು ಮೀಟರ್, ಮುಂದಕ್ಕೆ ಅಂಕಣದ ಗೆರೆಗೆ ಒಂದು ಮೀಟರ್ ಉಳಿಯುವವರೆಗೆ ಮಾತ್ರ ಹರಡಿಕೊಂಡಿರುವ ಒಂದು ಚೌಕಟ್ಟು ಅದು. ಟೆಕ್ನಿಕಲ್ ಏರಿಯಾ ಎಂದು ಕರೆಯಲಾಗುವ ಈ ಚೌಕಟ್ಟಿನಲ್ಲಿ ನಿಂತು ಒಂದು ಹೊತ್ತಿಗೆ ಒಬ್ಬರಷ್ಟೇ ಸೂಚನೆ ಕೊಡಬಹುದು. ಕ್ರಿಕೆಟ್‌ನಲ್ಲಿರುವಂತೆ ಓವರುಗಳ ನಡುವೆ ಓಡಿ ಹೋಗಿ ಕಿವಿಯಲ್ಲಿ ಹೇಳುವ ಅವಕಾಶವಾಗಲಿ, ಬ್ಯಾಸ್ಕೆಟ್‌ಬಾಲ್‌ನ ಟೈಮ್‌ಔಟ್ ಆಗಲಿ ಇಲ್ಲಿಲ್ಲ. ನಲವತ್ತೈದು ನಿಮಿಷಗಳ ಎರಡು ಪಾಳಿಗಳಲ್ಲಿ ಕೋಚ್‌ನ ಕೈಯಲ್ಲಿರುವುದು ಕೆಲವೇ ಬದಲಿ ಆಟಗಾರರು, ಒಂದು ವಿರಾಮ ಮತ್ತು ತನ್ನ ಗಂಟಲು. ಫಲಿತಾಂಶದ ಪೂರ್ತಿ ಹೊಣೆ, ಆಟದ ಮೇಲೆ ಅತ್ಯಲ್ಪ ಹಿಡಿತ: ಈ ಅಸಮತೋಲನವೇ ಕೋಚ್ ಹುದ್ದೆಯ ಮೂಲಭೂತ ಸಂಕಟ.

ಆದ್ದರಿಂದಲೇ ಕೋಚ್‌ನ ನಿಜವಾದ ಕೆಲಸ ಪಂದ್ಯದ ದಿನದ್ದಲ್ಲ, ಋತುವಿಗೆ ಮುಂಚಿನ ಆರೇಳು ವಾರಗಳದ್ದು. ಪ್ರೀ-ಸೀಸನ್ ಎಂದು ಹೆಸರಾದ ಈ ಅವಧಿಯಲ್ಲಿ ಮೊದಲು ರಜೆಯಿಂದ ಮರಳಿದ ಆಟಗಾರರ ದಮ್ಮನ್ನು ಅಳೆಯಲಾಗುತ್ತದೆ. ಇಪ್ಪತ್ತು ಮೀಟರ್ ಅಂತರದ ಎರಡು ಗುರುತುಗಳ ನಡುವೆ, ಕ್ರಮೇಣ ಬಿರುಸಾಗುವ ಸದ್ದಿಗೆ ತಕ್ಕಂತೆ, ಕಾಲು ಸೋಲುವವರೆಗೂ ಓಡಿಸುವ ಯೋ-ಯೋ ಪರೀಕ್ಷೆ ಕ್ರಿಕೆಟ್‌ನ ಮೂಲಕ ಈಗ ಕನ್ನಡ ಓದುಗರಿಗೂ ಪರಿಚಿತವಾಗಿದೆ. ಆಮೇಲೆ ಚೆಂಡಿನೊಡನೆ ಕೆಲಸ. ಎದುರಾಳಿಯ ಬಳಿ ಚೆಂಡಿರುವಾಗ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಸಿಕ್ಕ ಮರುಗಳಿಗೆ ಯಾರು ಯಾವ ದಿಕ್ಕಿಗೆ ಓಡಬೇಕು, ಕಾರ್ನರ್ ಮತ್ತು ಫ್ರೀ ಕಿಕ್‌ಗಳಲ್ಲಿ ಯಾರು ಯಾರನ್ನು ಕಾಯಬೇಕು ಎಂಬುದನ್ನು ಮತ್ತೆ ಮತ್ತೆ ಆಡಿಸಿ, ತಪ್ಪಿದಾಗ ಆಟ ನಿಲ್ಲಿಸಿ, ತೋಳು ಹಿಡಿದು ಎರಡು ಹೆಜ್ಜೆ ಆಚೆ ನಿಲ್ಲಿಸಿ ತೋರಿಸುವುದು. ಪುಣೆಯಲ್ಲಿ ಈ ತಯಾರಿಯ ತಿಂಗಳುಗಳೇ ಮಳೆಗಾಲದ ತಿಂಗಳುಗಳು. ಸಹ್ಯಾದ್ರಿಯ ಅಂಚಿನ ಈ ಊರಿನಲ್ಲಿ ಜುಲೈ, ಆಗಸ್ಟ್‌ಗಳಲ್ಲಿ ನೀರು ಕುಡಿದ ಮೈದಾನದ ಮೇಲೆ ಚೆಂಡು ಉರುಳುವ ಬಗೆಗೂ ನವೆಂಬರಿನ ಒಣ ಹುಲ್ಲಿನ ಮೇಲೆ ಅದು ಉರುಳುವ ಬಗೆಗೂ ಅಜಗಜಾಂತರವಿದೆ.

ಎಫ್‌ಸಿ ಪುಣೆ ಸಿಟಿ ಹುಟ್ಟಿದ್ದು 2014ರಲ್ಲಿ, ಇಂಡಿಯನ್ ಸೂಪರ್ ಲೀಗ್ ಅಥವಾ ಐಎಸ್‌ಎಲ್ ಆರಂಭವಾದ ವರ್ಷದಲ್ಲಿ. ಐಪಿಎಲ್ ಮಾದರಿಯನ್ನು ಅನುಸರಿಸಿದ ಈ ಲೀಗಿನಲ್ಲಿ ತಂಡಗಳು ಫ್ರಾಂಚೈಸಿಗಳು, ಅಂದರೆ ನಿಗದಿತ ಶುಲ್ಕ ತೆತ್ತು ಒಂದು ನಗರದ ಹೆಸರಿನಲ್ಲಿ ತಂಡ ನಡೆಸುವ ಹಕ್ಕು ಪಡೆದ ಉದ್ಯಮಗಳು. ಪುಣೆಯ ಹಕ್ಕು ರಾಜೇಶ್ ವಾಧವಾನ್ ಸಮೂಹದ ಪಾಲಾಯಿತು. ನಟ ಹೃತಿಕ್ ರೋಶನ್ ಸಹಮಾಲೀಕರಾದರು. ಇಟಲಿಯ ಫಿಯೊರೆಂಟಿನಾ ಕ್ಲಬ್ ಜೊತೆಗೂಡಿತು. ಮೊದಲ ಕೋಚ್ ಇಟಲಿಯವರೇ ಆದ ಫ್ರಾಂಕೊ ಕೊಲೊಂಬಾ. ಪ್ರತಿ ತಂಡವೂ ಮಾರ್ಕಿ ಆಟಗಾರ ಎಂಬ ಬಿರುದಿನಡಿ, ಜನರನ್ನು ಕ್ರೀಡಾಂಗಣಕ್ಕೆ ಸೆಳೆಯಬಲ್ಲ, ವಯಸ್ಸು ಇಳಿಮುಖವಾದ ಒಬ್ಬ ವಿಶ್ವಖ್ಯಾತನನ್ನು ಕರೆತರಬೇಕಿತ್ತು; ಪುಣೆಗೆ ಬಂದವರು ಫ್ರಾನ್ಸಿನ ವಿಶ್ವಕಪ್ ವಿಜೇತ ಡೇವಿಡ್ ಟ್ರೆಜೆಗೆ. ಎಂಟು ತಂಡಗಳ ಪೈಕಿ ಪುಣೆ ಆರನೆಯದಾಯಿತು. ಮರುವರ್ಷ ಇಂಗ್ಲೆಂಡಿನ ಮಾಜಿ ಆಟಗಾರ ಡೇವಿಡ್ ಪ್ಲ್ಯಾಟ್ ಕೋಚ್ ಆದರು, ಟ್ರೆಜೆಗೆ ಜಾಗಕ್ಕೆ ರೊಮೇನಿಯಾದ ಏಡ್ರಿಯನ್ ಮುಟು ಬಂದರು, ತಂಡ ಇನ್ನೊಂದು ಮೆಟ್ಟಿಲು ಕೆಳಗಿಳಿದು ಏಳನೆಯದಾಯಿತು.

ಆ ಮೊದಲ ಮೂರು ವರ್ಷಗಳ ಐಎಸ್‌ಎಲ್ ಇಡೀ ಪಂದ್ಯಾವಳಿ ಅಕ್ಟೋಬರಿನಲ್ಲಿ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುತ್ತಿದ್ದ, ಲೀಗ್ ಹಂತದಲ್ಲಿ ಹದಿನಾಲ್ಕೇ ಪಂದ್ಯಗಳಿದ್ದ ಒಂದು ಜಾತ್ರೆಯಂತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅಂಕಣದಲ್ಲಿ ಏಕಕಾಲಕ್ಕೆ ಆರು ವಿದೇಶಿಯರು ಆಡಬಹುದಿತ್ತು. ಪರಸ್ಪರ ಭಾಷೆ ತಿಳಿಯದ, ಕೆಲವೇ ವಾರಗಳ ಹಿಂದೆ ಭೇಟಿಯಾದ, ಜನವರಿಯಲ್ಲಿ ಮತ್ತೆ ಚದುರಿಹೋಗಲಿದ್ದ ಇಪ್ಪತ್ತೈದು ಮಂದಿಯನ್ನು ತಂಡವೆಂದು ಕರೆಯುವುದೇ ಧಾರಾಳತನ. ಅಂಥದ್ದರಲ್ಲಿ ಯಾವ ಕೋಚ್‌ನ ಸಾಮರ್ಥ್ಯವನ್ನಾದರೂ ಹದಿನಾಲ್ಕು ಪಂದ್ಯಗಳಿಂದ ಅಳೆಯುವುದು, ಮೊಳಕೆಯೊಡೆಯುವ ಮೊದಲೇ ಬೀಜವನ್ನು ಅಗೆದು ನೋಡಿದಂತೆ.

ಮೂರನೆಯವರಾಗಿ ಬಂದ ಸ್ಪೇನಿನ ಆಂಟೋನಿಯೊ ಹಬಾಸ್ ಅವರ ಪ್ರಕರಣ ಈ ಮಾತಿಗೆ ಪುರಾವೆ. 2014ರಲ್ಲಿ ಅಟ್ಲೆಟಿಕೊ ಡಿ ಕೋಲ್ಕತಾ ತಂಡಕ್ಕೆ ಐಎಸ್‌ಎಲ್‌ನ ಮೊಟ್ಟಮೊದಲ ಪ್ರಶಸ್ತಿ ಗೆದ್ದುಕೊಟ್ಟ ಇವರು 2016ರಲ್ಲಿ ಪುಣೆಗೆ ಬಂದರು, ಹಿಂದಿನ ವರ್ಷದ ಶಿಸ್ತುಕ್ರಮದ ಫಲವಾಗಿ ಮೊದಲ ನಾಲ್ಕು ಪಂದ್ಯಗಳಲ್ಲಿ ಬೆಂಚಿನ ಹತ್ತಿರ ಸುಳಿಯುವಂತಿರಲಿಲ್ಲ, ತಂಡ ಆರನೆಯದಾಯಿತು. 2017ರಲ್ಲಿ ಋತು ಆರಂಭವಾಗಲು ಕೆಲವೇ ವಾರಗಳಿದ್ದಾಗ ಅವರ ಮತ್ತು ಕ್ಲಬ್ಬಿನ ದಾರಿಗಳು ಬೇರೆಯಾದವು. ಪುಣೆಯಲ್ಲಿ ಏನೂ ಸಾಧಿಸದ ಇದೇ ಹಬಾಸ್ 2019–20ರಲ್ಲಿ ಕೋಲ್ಕತಾಕ್ಕೆ ಇನ್ನೊಮ್ಮೆ ಪ್ರಶಸ್ತಿ ತಂದರು. 2024ರಲ್ಲಿ ಋತುವಿನ ನಡುವೆ ಮೋಹನ್ ಬಾಗನ್‌ನ ಹೊಣೆ ಹೊತ್ತು ಲೀಗ್ ಶೀಲ್ಡನ್ನೂ ಗೆದ್ದರು. ಮನುಷ್ಯ ಅವರೇ, ವಿದ್ಯೆಯೂ ಅದೇ. ಬದಲಾದದ್ದು ಅವರ ಕಾಲ ಕೆಳಗಿನ ನೆಲ.

ಹಬಾಸ್ ಜಾಗಕ್ಕೆ ತರಾತುರಿಯಲ್ಲಿ ಬಂದವರು ಸರ್ಬಿಯಾದ ರಾಂಕೊ ಪೊಪೊವಿಚ್. ಜಪಾನ್ ಮತ್ತು ಸ್ಪೇನಿನ ಕ್ಲಬ್‌ಗಳಲ್ಲಿ ಪಳಗಿದ್ದ ಇವರ ಕಾಲದಲ್ಲಿ ಎರಡು ಸಂಗತಿಗಳು ಕೂಡಿಬಂದವು. ಲೀಗ್ ಹತ್ತು ತಂಡಗಳಿಗೆ ಹಿಗ್ಗಿ, ಹದಿನೆಂಟು ಪಂದ್ಯಗಳ, ತಿಂಗಳುಗಟ್ಟಲೆ ನಡೆಯುವ ನಿಜವಾದ ಲೀಗ್ ಆಯಿತು. ಬ್ರೆಜಿಲಿನ ಮಾರ್ಸೆಲಿನ್ಯೊ ಮತ್ತು ಉರುಗ್ವೆಯ ಎಮಿಲಿಯಾನೊ ಅಲ್ಫಾರೊ ಎಂಬ ಜೋಡಿ ಮುಂಚೂಣಿಯಲ್ಲಿ ಹೊಂದಿಕೊಂಡಿತು. 30 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನ ಪಡೆದ ಪುಣೆ ಮೊದಲ ಬಾರಿಗೆ, ಕೊನೆಯ ಬಾರಿಗೂ ಹೌದು, ಸೆಮಿಫೈನಲ್ ತಲುಪಿತು. ಎದುರಾಳಿ ಬೆಂಗಳೂರು ಎಫ್‌ಸಿ. 2018ರ ಮಾರ್ಚ್ 7ರಂದು ಬಾಲೇವಾಡಿಯಲ್ಲಿ ಗೋಲಿಲ್ಲದ ಡ್ರಾ, ನಾಲ್ಕು ದಿನಗಳ ಬಳಿಕ ಕಂಠೀರವದಲ್ಲಿ ಸುನಿಲ್ ಚೆಟ್ರಿಯವರ ಹ್ಯಾಟ್ರಿಕ್, 3–1ರ ಸೋಲು. ಐದು ವರ್ಷಗಳ ಇತಿಹಾಸದಲ್ಲಿ ತಂಡವನ್ನು ಅತಿ ಎತ್ತರಕ್ಕೆ ಒಯ್ದ ಪೊಪೊವಿಚ್ ಮುಂದಿನ ಋತುವಿಗೆ ಪುಣೆಯಲ್ಲಿರಲಿಲ್ಲ.

2018ರ ಋತುವಂತೂ ಕೋಚ್ ನೇಮಕವೆಂಬ ವಿದ್ಯೆಯಲ್ಲಿ ಏನೇನು ಮಾಡಬಾರದೋ ಅದರ ಪಾಠಪುಸ್ತಕ. ಮೊದಲು ಬ್ರೆಜಿಲಿನ ಮಾರ್ಕೊಸ್ ಪಕೆಟಾ ಅವರ ಹೆಸರು ಪ್ರಕಟವಾಯಿತು. ಋತು ಆರಂಭವಾಗುವ ಮೊದಲೇ ಅವರು ಸ್ವದೇಶದ ಬೊಟಾಫೊಗೊ ಕ್ಲಬ್ ಕರೆಯಿತೆಂದು ಹೊರಟುಹೋದರು. ಆ ಜಾಗಕ್ಕೆ ಸ್ಪೇನಿನ ಮಿಗೆಲ್ ಏಂಜೆಲ್ ಪೋರ್ಚುಗಲ್ ಬಂದರು. ಒಂದು ಡ್ರಾ, ಎರಡು ಸೋಲು. ಮೂರನೆಯ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಬಾಲೇವಾಡಿಗೇ ಬಂದು 3–0ಯಿಂದ ಗೆದ್ದು ಹೋದ ಕೆಲವೇ ದಿನಗಳಲ್ಲಿ ಅವರ ಎತ್ತಂಗಡಿಯಾಯಿತು. ವಾರಗಟ್ಟಲೆ ತಯಾರಿ, ಮೂರು ಪಂದ್ಯಗಳ ಅವಕಾಶ. ಬೆಂಗಳೂರು ಎಫ್‌ಸಿಯಲ್ಲಿ ಹಿಂದೆ ಸಹಾಯಕ ಕೋಚ್ ಆಗಿದ್ದ ಪ್ರದ್ಯುಮ್ ರೆಡ್ಡಿ ಹಂಗಾಮಿಯಾಗಿ ಹೊಣೆ ಹೊತ್ತರು. ಡಿಸೆಂಬರಿನಲ್ಲಿ, ಒಂದು ಕಾಲಕ್ಕೆ ಇಂಗ್ಲೆಂಡಿನ ಹಲ್ ಸಿಟಿಯನ್ನು ಪ್ರೀಮಿಯರ್ ಲೀಗಿಗೆ ಏರಿಸಿದ್ದ ಫಿಲ್ ಬ್ರೌನ್ ಬಂದರು. ತಂಡ 22 ಅಂಕಗಳೊಂದಿಗೆ ಏಳನೆಯ ಸ್ಥಾನದಲ್ಲಿ ಋತು ಮುಗಿಸಿತು. 2019ರಲ್ಲಿ, ಬ್ರೌನ್ ಎರಡನೆಯ ಋತುವಿಗೆ ಸಿದ್ಧರಾಗುವ ಹೊತ್ತಿಗೆ, ಆರ್ಥಿಕ ಮುಗ್ಗಟ್ಟಿಗೆ ಸಿಲುಕಿದ ಕ್ಲಬ್ಬೇ ಮುಚ್ಚಿತು. ಅದರ ಜಾಗ ಹೈದರಾಬಾದಿನ ಪಾಲಾಯಿತು.

ಕೋಚ್‌ನನ್ನು ಬದಲಾಯಿಸಿದರೆ ತಂಡ ಸುಧಾರಿಸುತ್ತದೆ ಎಂಬ ನಂಬಿಕೆ ಬಲವಾಗಿರುವುದಕ್ಕೆ ಕಾರಣವಿದೆ: ಬಹುತೇಕ ಸಂದರ್ಭಗಳಲ್ಲಿ ಸುಧಾರಣೆ ಕಣ್ಣಿಗೆ ಕಾಣುತ್ತದೆ. ಆದರೆ ಅದು ಬದಲಾವಣೆಯ ಫಲವೇ ಎಂಬುದು ಬೇರೆಯೇ ಪ್ರಶ್ನೆ. ನೆದರ್‌ಲ್ಯಾಂಡ್ಸಿನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಅವರು ಡಚ್ ಲೀಗಿನ 1986ರಿಂದ 2004ರವರೆಗಿನ ದಾಖಲೆಗಳನ್ನು ಜಾಲಾಡಿ, ಸತತ ಸೋಲಿನ ಬಳಿಕ ಕೋಚ್‌ನನ್ನು ತೆಗೆದ ತಂಡಗಳನ್ನೂ ಅಷ್ಟೇ ಸೋತರೂ ತೆಗೆಯದೆ ಉಳಿಸಿಕೊಂಡ ತಂಡಗಳನ್ನೂ ಹೋಲಿಸಿ ನೋಡಿದರು. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡಿದ್ದವು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ತಂಡವೊಂದು ತನ್ನ ನಿಜವಾದ ಮಟ್ಟಕ್ಕಿಂತ ಕೆಳಗೆ ಕುಸಿದಾಗ ದುರದೃಷ್ಟವೂ ಅದರಲ್ಲಿ ಪಾಲು ಪಡೆದಿರುತ್ತದೆ, ದುರದೃಷ್ಟ ಸದಾಕಾಲ ನಿಲ್ಲುವುದಿಲ್ಲ, ಆದ್ದರಿಂದ ತಂಡ ತಾನಾಗಿಯೇ ತನ್ನ ಮಟ್ಟಕ್ಕೆ ಏರುತ್ತದೆ ಎಂಬುದು ಅದರ ಸಾರ. ಕೋಚ್‌ನ ತಲೆದಂಡವಾಗುವುದು ಸಾಮಾನ್ಯವಾಗಿ ಅತ್ಯಂತ ಕೆಳಗಿನ ಬಿಂದುವಿನಲ್ಲೇ ಆದ್ದರಿಂದ, ಏರಿಕೆಯ ಕೀರ್ತಿ ಹೊಸಬನಿಗೆ ಪುಕ್ಕಟೆಯಾಗಿ ದಕ್ಕುತ್ತದೆ. ಏಳು ದಿನಕ್ಕೆ ತಾನೇ ಹೋಗುವ ನೆಗಡಿ ಐದನೆಯ ದಿನ ಕುಡಿದ ಕಷಾಯದಿಂದ ಹೋಯಿತೆನ್ನುವ ಮಾತಿನ ಹಾಗೆ.

ಐಎಸ್‌ಎಲ್‌ನ ಮಟ್ಟಿಗೆ ಇನ್ನೊಂದು ವೈಚಿತ್ರ್ಯವೂ ಇದೆ. ಯುರೋಪಿನ ಲೀಗುಗಳಲ್ಲಿ ಅಂಕಪಟ್ಟಿಯ ತಳದ ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕಾಗುತ್ತದೆ. ಹಿಂಬಡ್ತಿ ಎಂಬ ಈ ಶಿಕ್ಷೆಯೊಡನೆ ಕೋಟಿಗಟ್ಟಲೆ ಆದಾಯವೂ ಹೋಗುವುದರಿಂದ ಅಲ್ಲಿಯ ಮಾಲೀಕರ ಗಾಬರಿಗೆ ಲೆಕ್ಕಾಚಾರದ ಆಧಾರವಿದೆ. ಪುಣೆ ಆಡಿದ ವರ್ಷಗಳ ಐಎಸ್‌ಎಲ್‌ನಲ್ಲಿ ಹಿಂಬಡ್ತಿಯೇ ಇರಲಿಲ್ಲ. ಕೊನೆಯ ಸ್ಥಾನ ಬಂದರೂ ಮರುವರ್ಷ ಅದೇ ಲೀಗು. ಹಾಗಿದ್ದೂ ಮೂರು ಪಂದ್ಯಗಳಿಗೆ ಕೋಚ್ ಮನೆಗೆ ಹೋಗುತ್ತಾರೆಂದರೆ, ಅಲ್ಲಿ ಕೆಲಸ ಮಾಡುತ್ತಿದ್ದದ್ದು ಆಟದ ಭಯವಲ್ಲ, ಪ್ರಾಯೋಜಕರ ಮತ್ತು ಟಿವಿ ಪರದೆಯ ಭಯವೆಂದೇ ಹೇಳಬೇಕಾಗುತ್ತದೆ.

ಪುಣೆಯ ಫುಟ್‌ಬಾಲ್ ಐಎಸ್‌ಎಲ್‌ನಿಂದ ಶುರುವಾದದ್ದಲ್ಲ. ಸೇನೆಯ ಬಾಂಬೆ ಎಂಜಿನಿಯರ್ ಗ್ರೂಪ್ ನೆಲೆಸಿರುವ ಖಡಕಿ, ಕ್ಯಾಂಪ್, ರೈಲ್ವೆ ವಸತಿಗಳು ಬ್ರಿಟಿಷರ ಕಾಲದಿಂದಲೂ ಚೆಂಡು ಒದೆಯುತ್ತ ಬಂದ ಪ್ರದೇಶಗಳು. ವೃತ್ತಿಪರ ಮಟ್ಟದಲ್ಲಿ ಈ ನಗರದ ಹೆಸರನ್ನು ದೇಶಕ್ಕೆ ಪರಿಚಯಿಸಿದ್ದು 2007ರಲ್ಲಿ ಅಶೋಕ್ ಪಿರಮಲ್ ಸಮೂಹ ಸ್ಥಾಪಿಸಿದ ಪುಣೆ ಎಫ್‌ಸಿ. ಅಂದಿನ ಅಗ್ರ ಪಂದ್ಯಾವಳಿಯಾಗಿದ್ದ ಐ-ಲೀಗ್‌ಗೆ ಎರಡನೆಯ ದರ್ಜೆಯಿಂದ ಆಡಿ ಗೆದ್ದು ಏರಿದ ಈ ಕ್ಲಬ್, ಗೋವಾದ ಡೆರಿಕ್ ಪೆರೇರಾ ಅವರಿಗೆ 2010ರಿಂದ ಮೂರು ಋತುಗಳ ಕಾಲಾವಕಾಶ ಕೊಟ್ಟಿತು. ಮೂರನೆಯ ಋತುವಿನಲ್ಲಿ, ಅಂದರೆ 2012–13ರಲ್ಲಿ, ಚರ್ಚಿಲ್ ಬ್ರದರ್ಸ್ ಬೆನ್ನಿಗೇ ಎರಡನೆಯ ಸ್ಥಾನ ಗಳಿಸಿತು. ದೇಶದ ಅಗ್ರ ಲೀಗಿನಲ್ಲಿ ಪುಣೆಯ ತಂಡವೊಂದರ ಅತ್ಯುನ್ನತ ಸಾಧನೆ ಇಂದಿಗೂ ಅದೇ. ಆ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಮಲಪ್ಪುರಂನ ಆಶಿಕ್ ಕುರುಣಿಯನ್ ಮುಂದೆ ಭಾರತ ತಂಡದಲ್ಲೂ ಬೆಂಗಳೂರು ಎಫ್‌ಸಿಯಲ್ಲೂ ಆಡಿದರು.

ಪೆರೇರಾ ಅವರ ಬದುಕಿನ ದಾರಿಯನ್ನು ತುಸು ಹತ್ತಿರದಿಂದ ನೋಡಿದರೆ ಭಾರತೀಯ ಕೋಚ್‌ನ ಒತ್ತಡದ ಸ್ವರೂಪವೇ ಬೇರೆಯೆಂಬುದು ತಿಳಿಯುತ್ತದೆ. ಅವರು ತರಬೇತಿ ನೀಡುತ್ತಿದ್ದ ಮುಂಬೈಯ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಅಲ್ಲಿಂದ ಪುಣೆ ಎಫ್‌ಸಿಗೆ ಬಂದರು. ಅವರು ಬಿಟ್ಟ ಎರಡು ವರ್ಷಗಳಿಗೆ, 2015ರಲ್ಲಿ, ಅದೂ ಮುಚ್ಚಿತು. ಬಳಿಕ ಪುಣೆಯದೇ ಆದ ಡಿಎಸ್‌ಕೆ ಶಿವಾಜಿಯನ್ಸ್ ಸೇರಿದರು. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಸಹಯೋಗದಲ್ಲಿ ಅಕಾಡೆಮಿ ನಡೆಸಿದ ಈ ತಂಡ ಎರಡೇ ಋತುಗಳ ಐ-ಲೀಗ್ ಆಡಿ 2017ರಲ್ಲಿ ಕಣ್ಮರೆಯಾಯಿತು. ಯುರೋಪಿನಲ್ಲಿ ಕ್ಲಬ್ ಉಳಿದು ಕೋಚ್ ಹೋಗುತ್ತಾನೆ. ಇಲ್ಲಿ ಕೋಚ್ ಉಳಿದು ಕ್ಲಬ್ಬುಗಳೇ ಹೋದವು. ಕಲ್ಯಾಣಿ ಸಮೂಹದ ಭಾರತ್ ಎಫ್‌ಸಿಯ ಕಥೆ ಇನ್ನೂ ಚಿಕ್ಕದು. 2014–15ರಲ್ಲಿ ಐ-ಲೀಗ್‌ಗೆ ನೇರ ಪ್ರವೇಶ ಪಡೆದು, ಹನ್ನೊಂದು ತಂಡಗಳಲ್ಲಿ ಹನ್ನೊಂದನೆಯದಾಯಿತು. ನೇರ ಪ್ರವೇಶದ ಹೊಸ ತಂಡಗಳಿಗೆ ಹಿಂಬಡ್ತಿಯಿಂದ ವಿನಾಯಿತಿ ಇದ್ದುದರಿಂದ ಅದರ ಬದಲು ಐದು ಬಾರಿಯ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಗೋವಾದ ಡೆಂಪೊ ಕೆಳಗಿಳಿಯಿತು. ಹಾಗೆ ಉಳಿದುಕೊಂಡ ಭಾರತ್ ಎಫ್‌ಸಿ ಮರುವರ್ಷಕ್ಕೆ ಬಾಗಿಲು ಹಾಕಿತು. 2015ರ ಆರಂಭದಲ್ಲಿ ಐ-ಲೀಗ್‌ನ ಎರಡು, ಐಎಸ್‌ಎಲ್‌ನ ಒಂದು, ಹೀಗೆ ಮೂರು ತಂಡಗಳಿದ್ದ ನಗರದಲ್ಲಿ 2019ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಕಾರ್ಪೊರೇಟ್ ಮಾಲೀಕತ್ವವೇ ರೋಗವೆಂದು ತೀರ್ಪು ಕೊಡುವುದು ಸುಲಭ; ಬೆಂಗಳೂರಿನ ಉದಾಹರಣೆ ಅದಕ್ಕೆ ಅಡ್ಡ ಬರುತ್ತದೆ. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಹಿಂಬಡ್ತಿ ಪಡೆದ ಮೇಲೆ ತಂಡವಿಲ್ಲದೆ ಉಳಿದಿದ್ದ ನಗರಕ್ಕೆ 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ತಂದಿತು. ಇದೂ ನೇರ ಪ್ರವೇಶವೇ. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದರು. 2015ರ ಮೇ 31ರಂದು, ಎರಡನೆಯ ಋತುವಿನ ಕಟ್ಟಕಡೆಯ ಪಂದ್ಯದಲ್ಲಿ, ಮಳೆಯಲ್ಲಿ ತೊಯ್ದ ಕಂಠೀರವದಲ್ಲಿ ಗೆದ್ದರೆ ಮತ್ತೆ ಪ್ರಶಸ್ತಿ ಎಂಬ ಸ್ಥಿತಿಯಿತ್ತು. ಮೂರು ನಿಮಿಷ ಬಾಕಿಯಿರುವಾಗ ಮೋಹನ್ ಬಾಗನ್‌ನ ಬೆಲ್ಲೊ ರಜಾಕ್ ಕಾರ್ನರ್ ಕಿಕ್‌ಗೆ ತಲೆಕೊಟ್ಟು 1–1 ಮಾಡಿದರು, ಪ್ರಶಸ್ತಿ ಕೋಲ್ಕತಾಕ್ಕೆ ಹೋಯಿತು. ವೆಸ್ಟ್‌ವುಡ್ ಅವರನ್ನು ಯಾರೂ ತೆಗೆಯಲಿಲ್ಲ. ಮರುವರ್ಷ ಅವರೇ ಅದನ್ನು ಮರಳಿ ತಂದರು. ಮುಂದೆ ಬೆಂಗಳೂರು ಎಫ್‌ಸಿಯೂ ತಲೆದಂಡದ ದಾರಿ ಕಲಿಯಿತು ಎಂಬುದನ್ನು ಮುಚ್ಚಿಡಬೇಕಿಲ್ಲ: 2019ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲೆಸ್ ಕ್ವದ್ರಾತ್ 2021ರ ಜನವರಿಯಲ್ಲಿ, ಡ್ಯುರಾಂಡ್ ಕಪ್ ತಂದ ಸೈಮನ್ ಗ್ರೇಸನ್ 2023ರ ಡಿಸೆಂಬರಿನಲ್ಲಿ ಋತುವಿನ ನಡುವೆಯೇ ನಿರ್ಗಮಿಸಿದರು. ಆದರೆ ಕಂಠೀರವದ ಪಶ್ಚಿಮ ಬ್ಲಾಕಿನಲ್ಲಿ ಸಂಘಟಿತರಾಗಿ ಹಾಡಿ ಕೂಗುವ ಅಭಿಮಾನಿಗಳು ಕೋಚ್ ಬದಲಾದರೂ ತಂಡದ ಜೊತೆಗೇ ಉಳಿದರು.

ತಂಡವೊಂದು ಊರಿನಲ್ಲಿ ಬೇರು ಬಿಡುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಪುಣೆಯಿಂದ ಅದೇ ಹೆದ್ದಾರಿಯಲ್ಲಿ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿದೆ. ಬೆಳಗಾವಿ, ಚಿಕ್ಕೋಡಿ ಕಡೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆ ಊರಿನ ಫುಟ್‌ಬಾಲ್ ಸಂಘಗಳು ಕುಸ್ತಿಯ ತಾಲೀಮುಗಳಿಂದ, ಅಂದರೆ ಗರಡಿಮನೆಗಳಿಂದ, ಹುಟ್ಟಿದವು. ಪಾಟಾಕಡೀಲ್ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್ ಮಂಡಳ, ಖಂಡೋಬಾ ತಾಲೀಮ್ ಮಂಡಳ ಎಂಬ ಹೆಸರುಗಳಲ್ಲೇ ಪೇಟೆಯ, ಓಣಿಯ ಗುರುತಿದೆ. ರಾಜರ್ಷಿ ಶಾಹು ಕ್ರೀಡಾಂಗಣದಲ್ಲಿ ಈ ಸಂಘಗಳು ಎದುರುಬದುರಾದಾಗ ಸೇರುವ ಜನ ಟಿವಿಗಾಗಿ ಬಂದವರಲ್ಲ. ಸೋತರೆ ಅಲ್ಲಿಯೂ ಬೈಗುಳವಿದೆ, ಕೆಲವೊಮ್ಮೆ ಕೈಕೈ ಮಿಲಾಯಿಸುವುದೂ ಇದೆ. ಸಂಘ ಮುಚ್ಚುವ ಮಾತು ಮಾತ್ರ ಯಾರ ಬಾಯಲ್ಲೂ ಬರದು, ಏಕೆಂದರೆ ಓಣಿಯನ್ನು ಮುಚ್ಚಲಾಗದು. ಹಾಗೆಂದು ಕೊಲ್ಹಾಪುರವನ್ನು ಆದರ್ಶವೆಂದು ಎತ್ತಿ ಹಿಡಿಯುವಂತೆಯೂ ಇಲ್ಲ. 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಕೊಲ್ಹಾಪುರದ ಹುಡುಗ ಅನಿಕೇತ್ ಜಾಧವ್ ಹೆಚ್ಚಿನ ತರಬೇತಿಗಾಗಿ ಬರಬೇಕಾದದ್ದು ಪುಣೆಗೇ. ಬೇರು ಒಂದೂರಿನಲ್ಲಿ, ವಿದ್ಯೆ ಇನ್ನೊಂದೂರಿನಲ್ಲಿ.

ಕಾಲೇಜು ಫುಟ್‌ಬಾಲ್‌ನ ಕೋಚ್‌ಗಳ ಮಾತನ್ನೂ ಇಲ್ಲಿ ಎತ್ತುವುದು ಅಗತ್ಯ, ಏಕೆಂದರೆ ಪುಣೆ ಕಾಲೇಜುಗಳ ನಗರ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ, ಅದು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟವಾದರೂ, ಲಕ್ಷ ಪ್ರೇಕ್ಷಕರ ಕ್ರೀಡಾಂಗಣಗಳ ಉದ್ಯಮ. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರನೆಂದರೆ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಅವರನ್ನು ಅವಧಿಗೆ ಮುನ್ನ ತೆಗೆದಾಗ, ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದ ಪರಿಹಾರದ ಮೊತ್ತ ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ನಮ್ಮಲ್ಲಿ ಕಾಲೇಜು ತಂಡದ ಕೋಚ್ ಎಂದರೆ ಸಾಮಾನ್ಯವಾಗಿ ದೈಹಿಕ ಶಿಕ್ಷಣ ನಿರ್ದೇಶಕರು, ಜನರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ವಲಯ, ಅಂತರವಲಯ, ಪಶ್ಚಿಮ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳೆಂಬ ಮೆಟ್ಟಿಲುಗಳನ್ನು ಹತ್ತಬೇಕಾದ ಇವರ ಮೇಲೆ ಗೆಲ್ಲಲೇಬೇಕೆಂಬ ಒತ್ತಡವಿಲ್ಲ; ಹಾಜರಾತಿ, ಆಂತರಿಕ ಪರೀಕ್ಷೆ, ಪ್ರಯಾಣ ಭತ್ಯೆ, ಮೂರು ವರ್ಷಕ್ಕೊಮ್ಮೆ ಪದವಿ ಮುಗಿಸಿ ಹೊರಟುಹೋಗುವ ಆಟಗಾರರು ಇವೇ ಅವರ ತಲೆನೋವು. ಕೆಲಸ ಹೋಗುವ ಭಯವಿಲ್ಲದ ಕೋಚ್ ಮತ್ತು ಮೂರು ಪಂದ್ಯಗಳಿಗೆ ಹೋಗುವ ಕೋಚ್: ಭಾರತದ ಫುಟ್‌ಬಾಲ್‌ನಲ್ಲಿ ಈ ಎರಡು ತುದಿಗಳ ನಡುವಿನ ಜಾಗ ಬಹುಪಾಲು ಖಾಲಿಯಿದೆ. ಆ ಖಾಲಿ ಜಾಗದಿಂದ ಎದ್ದು ಬಂದವರು ವಿರಳ. 2016–17ರಲ್ಲಿ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟು, ಐಎಸ್‌ಎಲ್ ತಂಡವೊಂದರ ಪೂರ್ಣಾವಧಿ ಮುಖ್ಯ ಕೋಚ್ ಆದ ಮೊದಲ ಭಾರತೀಯನೆನಿಸಿ, 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತ ಖಾಲಿದ್ ಜಮೀಲ್ ಅಂಥವರಲ್ಲಿ ಮುಖ್ಯರು.

ಪುಣೆಯಿಂದ ಹೈದರಾಬಾದಿಗೆ ಹೋದ ತಂಡದ ಮುಂದಿನ ಕಥೆಯನ್ನು ಹೇಳದಿದ್ದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಫಿಲ್ ಬ್ರೌನ್ ಅಲ್ಲಿಗೂ ಹೋದರು. 2020ರ ಜನವರಿಯಲ್ಲಿ ತಂಡ ತಳದಲ್ಲಿದ್ದಾಗ ಅವರನ್ನು ತೆಗೆಯಲಾಯಿತು. ನಂತರ ಸ್ಪೇನಿನ ಮನೊಲೊ ಮಾರ್ಕೆಜ್ ಬಂದರು. ಮೊದಲ ಋತುವಿನಲ್ಲಿ ಐದನೆಯ ಸ್ಥಾನ, ಸೆಮಿಫೈನಲ್‌ಗೂ ಪ್ರವೇಶವಿಲ್ಲ. ಪುಣೆಯ ರೂಢಿಯಂತಾಗಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಹೈದರಾಬಾದ್ ಅವರನ್ನು ಉಳಿಸಿಕೊಂಡಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಹೊಡೆತಗಳನ್ನು ತಡೆದರು. ಗೋವಾದವರಾದ ಇವರ ಅಡ್ಡಹೆಸರು ಧಾರವಾಡ ಸೀಮೆಯ ಯಾರಿಗೂ ಅಪರಿಚಿತವಲ್ಲ. ಪುಣೆಯ ಜಾಗದಲ್ಲಿ ಬಂದ ತಂಡ ಮೂರನೆಯ ಋತುವಿನಲ್ಲಿ ಐಎಸ್‌ಎಲ್ ಚಾಂಪಿಯನ್ ಆಯಿತು.

ಈಗೀಗ ಒತ್ತಡದ ಇನ್ನೊಂದು ಮುಖವೂ ಕಾಣಿಸಿಕೊಂಡಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವಿನ ಹಕ್ಕುಗಳ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಅದರ ನವೀಕರಣ ತೀರ್ಮಾನವಾಗದ ಕಾರಣ ಆ ವರ್ಷದ ಜುಲೈನಲ್ಲಿ ಐಎಸ್‌ಎಲ್‌ನ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್ ಆರಂಭದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಋತುವಿಗೆ ತಂಡವನ್ನು ಸಜ್ಜುಗೊಳಿಸಬೇಕಾದ ಕೋಚ್‌ಗಳು, ಋತು ಬರುತ್ತದೆಯೇ ಎಂದು ಕಾಯುತ್ತ ಕೂರಬೇಕಾಯಿತು.

ಬಾಲೇವಾಡಿಯ ಮೈದಾನ ಮಾತ್ರ ಖಾಲಿ ಬಿದ್ದಿಲ್ಲ. 2022ರಲ್ಲಿ ಮಹಿಳೆಯರ ಏಷ್ಯಾ ಕಪ್‌ನ ಚೀನಾ–ಜಪಾನ್ ಸೆಮಿಫೈನಲ್ ಅಲ್ಲಿ ನಡೆಯಿತು. 2023ರ ಸೆಪ್ಟೆಂಬರಿನಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್ ಪಂದ್ಯವೊಂದೂ ಅಲ್ಲಿ ನಡೆಯಿತು. ಆತಿಥೇಯ ತಂಡ ಸೋತಿತು. ಅಂದು ಆತಿಥೇಯರ ಬೆಂಚಿನಲ್ಲಿದ್ದ ಕೋಚ್ ಡೆಸ್ ಬಕಿಂಗ್‌ಹ್ಯಾಮ್ ಅವರನ್ನು ಯಾರೂ ತೆಗೆಯಲಿಲ್ಲ. ನವೆಂಬರಿನಲ್ಲಿ ಅವರೇ ತಮ್ಮ ಹುಟ್ಟೂರಿನ ಆಕ್ಸ್‌ಫರ್ಡ್ ಯುನೈಟೆಡ್‌ಗೆ ಹೋದರು. ಆ ಆತಿಥೇಯ ತಂಡ ಮುಂಬೈ ಸಿಟಿ. ಪುಣೆಯ ಮೈದಾನದಲ್ಲಿ ಆತಿಥೇಯನಾಗಿ ನಿಲ್ಲಲು ಪುಣೆಗೆ ಆಗಲೇ ತನ್ನದೆನ್ನುವ ಐಎಸ್‌ಎಲ್ ತಂಡವಿಲ್ಲದೆ ನಾಲ್ಕು ವರ್ಷಗಳಾಗಿದ್ದವು.